ಡಿಸ್ಕ್ ಹ್ಯಾರೋ: ಸವೆದ ತಟ್ಟೆ, ಮುರಿದ ಆಕ್ಸಲ್‌ಗಳ ದುರಸ್ತಿ



ಹಾಲಿನ ಪತ್ರಿಕೆಯಲ್ಲಿ ಕಬ್ಬಿಣದ ಮಾತೇಕೆ ಎಂದು ಕೆಲವರಿಗೆ ಅನ್ನಿಸಬಹುದು. ಹಸು ತಿನ್ನುವ ಹಸಿರು ಮೇವು ಮೊದಲು ಹೊಲದಲ್ಲಿ ಬೆಳೆಯಬೇಕು. ಆ ಹೊಲವನ್ನು ಸಕಾಲದಲ್ಲಿ ಹದ ಮಾಡದಿದ್ದರೆ ಮೂರು ತಿಂಗಳು ಕಳೆದ ಮೇಲೆ ಅದರ ಲೆಕ್ಕ ಸಂಘದ ಹಾಲಿನ ಪುಸ್ತಕದಲ್ಲಿ ಕಾಣಿಸಿಕೊಳ್ಳುತ್ತದೆ. ನನ್ನ ಪುಸ್ತಕದಲ್ಲಿ ಹಾಗೆ ಕಾಣಿಸಿಕೊಂಡದ್ದರಿಂದಲೇ ಈ ಲೇಖನ ಬರೆಯುತ್ತಿದ್ದೇನೆ.

ಹಲವು ವರ್ಷಗಳ ಹಿಂದಿನ ಮಾತು. ಮನೆಯಲ್ಲಿ ಕರೆಯುವ ಹಸುಗಳು ನಾಲ್ಕಿದ್ದವು. ಟ್ರಾಕ್ಟರಿನ ಜೊತೆಗೆ ಹಳೆಯದೊಂದು ಹದಿನಾಲ್ಕು ತಟ್ಟೆಯ ಡಿಸ್ಕ್ ಹ್ಯಾರೋ ಇತ್ತು. ರೋಹಿಣಿ ಮಳೆ ಚೆನ್ನಾಗಿ ಹುಯ್ದಿತ್ತು. ಎರಡು ಎಕರೆಗೆ ಆಫ್ರಿಕನ್ ಟಾಲ್ ಮೇವಿನ ಜೋಳ ಹಾಕೋಣವೆಂದು ಬೀಜ ತಂದು ಅಟ್ಟದ ಮೇಲೆ ಇಟ್ಟಿದ್ದೆ. ಡ್ರೈವರ್ ಹುಡುಗ ಬೆಳಿಗ್ಗೆ ಹೊಲಕ್ಕೆ ಹೋದವನು ಹತ್ತು ಗಂಟೆಗೆಲ್ಲಾ ನಡೆದುಕೊಂಡು ವಾಪಸು ಬಂದ. ಹಿಂದಿನ ಸಾಲಿನ ಆಕ್ಸಲ್ ಮುರಿದು ಮೂರು ತಟ್ಟೆಗಳು ಹೊಲದಲ್ಲೇ ಉರುಳಿ ಬಿದ್ದಿದ್ದವು. ಬದುವಿನ ಹತ್ತಿರ ಹ್ಯಾರೋ ಎತ್ತದೆ ತಿರುಗಿಸಿದ್ದೀಯ, ಕಲ್ಲಿಗೆ ಹೊಡೆಸಿದ್ದೀಯ ಎಂದು ನಾಲ್ಕು ಜನರ ಎದುರಿಗೆ ಅವನನ್ನು ಬೈದೆ. ಒಂದು ವಾರದ ಸಂಬಳವನ್ನೂ ಹಿಡಿದೆ.

ಮಧ್ಯಾಹ್ನ ಮುರಿದ ತುಂಡುಗಳನ್ನು ಲೇತ್ ಅಂಗಡಿಗೆ ಹೊತ್ತುಕೊಂಡು ಹೋದೆ. ಅಲ್ಲಿದ್ದ ವಯಸ್ಸಾದ ಮೇಸ್ತ್ರಿ ಮುರಿದ ಮುಖವನ್ನು ಬಟ್ಟೆಯಿಂದ ಒರೆಸಿ ಬಿಸಿಲಿಗೆ ಹಿಡಿದು ನೋಡಿದರು. "ಯಜಮಾನ್ರೇ, ಇದು ಇವತ್ತು ಮುರಿದದ್ದಲ್ಲ. ಇಲ್ಲಿ ನೋಡಿ" ಎಂದರು. ಮುರಿದ ಮುಖದ ಮುಕ್ಕಾಲು ಪಾಲು ಕಪ್ಪಗೆ, ತುಕ್ಕು ಮತ್ತು ಗ್ರೀಸ್ ಹಿಡಿದು ನುಣ್ಣಗಿತ್ತು. ಕಾಲು ಪಾಲು ಮಾತ್ರ ಸಕ್ಕರೆ ಹರಳಿನಂತೆ ಹೊಳೆಯುತ್ತಿತ್ತು. ಕಪ್ಪಾದ ಭಾಗ ಎಷ್ಟೋ ದಿನಗಳಿಂದ ಬಿರುಕು ಬಿಟ್ಟು ಬೆಳೆಯುತ್ತಾ ಬಂದದ್ದು, ಹೊಳೆಯುವ ಭಾಗ ಮಾತ್ರ ಅಂದು ಮುರಿದದ್ದು. ತಟ್ಟೆಗಳ ನಡುವಿನ ಚೌಕ ತೂತುಗಳು ಹಿಗ್ಗಿ ದುಂಡಗಾಗಿದ್ದವು. ನಟ್ಟು ಸಡಿಲವಾಗಿ ಒಂದು ಹಂಗಾಮೇ ಕಳೆದಿರಬೇಕು. ಅದನ್ನು ಬಿಗಿ ಮಾಡಿಸಬೇಕಾದವನು ಮಾಲೀಕ. ಅದು ಹುಡುಗನ ಕೆಲಸವಲ್ಲ. ಆ ಸಂಜೆಯೇ ಹುಡುಗನ ಸಂಬಳ ಕೊಟ್ಟೆ. ಬೈದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲು ಮಾತ್ರ ನನಗೆ ಇನ್ನೂ ಎರಡು ದಿನ ಬೇಕಾಯಿತು.

ಅಷ್ಟರಲ್ಲಿ ಇನ್ನೊಂದು ತಪ್ಪು ಮಾಡಿದ್ದೆ. ಹದ ಆರಿಹೋಗುತ್ತದೆ ಎಂಬ ಆತುರದಲ್ಲಿ ಅದೇ ಆಕ್ಸಲನ್ನು ರಸ್ತೆ ಬದಿಯ ಒಂದು ಕಡೆ ವೆಲ್ಡಿಂಗ್ ಮಾಡಿಸಿ ತಂದೆ. ಅದು ಒಂದೂವರೆ ದಿನ ಓಡಿ, ವೆಲ್ಡಿಂಗಿನ ಪಕ್ಕದಲ್ಲೇ ಮತ್ತೆ ಮುರಿಯಿತು. ಹೊಸ ಆಕ್ಸಲ್ ಬರುವ ವೇಳೆಗೆ ಮಳೆ ಜಡಿ ಹಿಡಿದು ಹೊಲಕ್ಕೆ ಕಾಲಿಡಲಾಗಲಿಲ್ಲ. ಬಿತ್ತನೆ ಮೂರು ವಾರ ತಡವಾಯಿತು. ಒಂದು ಮಿಶ್ರತಳಿ ಹಸುವಿಗೆ ದಿನಕ್ಕೆ ಸುಮಾರು 25 ಕಿಲೋ ಹಸಿರು ಮೇವು ಬೇಕು. ನಾಲ್ಕು ಹಸುಗಳಿಗೆ ಮೂರು ವಾರ ಎಂದರೆ ಎರಡು ಟನ್ನಿಗೂ ಮೀರುತ್ತದೆ. ಅದನ್ನು ಕೊಂಡು ತಂದದ್ದೂ ಆಯಿತು, ಸಾಲದೆ ಬರಿ ಹುಲ್ಲಿನ ಮೇಲೆ ಹಸುಗಳನ್ನು ಕಟ್ಟಿ ಹಾಲು ಇಳಿದದ್ದೂ ಆಯಿತು.

ಒಂದು ನಟ್ಟು ಸಡಿಲವಾದರೆ ಇಷ್ಟೆಲ್ಲಾ ಏಕಾಗಬೇಕು? ಹ್ಯಾರೋದ ಕಟ್ಟಡ ಗೊತ್ತಾದರೆ ಇದು ಅರ್ಥವಾಗುತ್ತದೆ.

ಬಿಗಿ ಇದ್ದರೆ ಒಂದೇ ದಿಂಡು, ಸಡಿಲವಾದರೆ ಹತ್ತು ತುಂಡು

ಹ್ಯಾರೋದಲ್ಲಿ ತಟ್ಟೆಗಳ ಒಂದು ಸಾಲಿಗೆ ಗ್ಯಾಂಗ್ ಎನ್ನುತ್ತಾರೆ. ಚೌಕದ ಉಕ್ಕಿನ ಸರಳೊಂದು ಎಲ್ಲಾ ತಟ್ಟೆಗಳ ನಡುವಿನ ಚೌಕ ತೂತಿನ ಮೂಲಕ ಹಾದುಹೋಗುತ್ತದೆ. ಅದೇ ಆಕ್ಸಲ್. ಕೆಲವರು ಗ್ಯಾಂಗ್ ಬೋಲ್ಟು ಎಂದೂ ಕರೆಯುತ್ತಾರೆ. ಎರಡು ತಟ್ಟೆಗಳ ನಡುವೆ ದಾರದ ಉಂಡೆಯ ಆಕಾರದ ಬೀಡಿನ ಸ್ಪೂಲ್, ಎರಡು ಕಡೆ ಬೇರಿಂಗ್, ಕೊನೆಯಲ್ಲಿ ದಪ್ಪ ವಾಷರ್ ಮತ್ತು ದೊಡ್ಡ ನಟ್ಟು. ನಟ್ಟು ಬಿಗಿಯಾಗಿದ್ದಾಗ ತಟ್ಟೆ, ಸ್ಪೂಲ್, ವಾಷರ್ ಎಲ್ಲವೂ ಒಂದನ್ನೊಂದು ಒತ್ತಿಕೊಂಡು ಒಂದೇ ದಿಂಡಿನಂತೆ ಉರುಳುತ್ತವೆ. ಮಣ್ಣಿನ ಹೊಡೆತವನ್ನು ಆ ಇಡೀ ದಿಂಡು ತಾಳಿಕೊಳ್ಳುತ್ತದೆ. ಒಳಗಿನ ಸರಳಿಗೆ ಎಳೆತ ಬಿಟ್ಟರೆ ಹೆಚ್ಚಿನ ಕೆಲಸವಿಲ್ಲ.

ನಟ್ಟು ಕಾಲು ಸುತ್ತು ಸಡಿಲವಾಯಿತೆನ್ನಿ. ಈಗ ದಿಂಡು ಇಲ್ಲ, ಸರಳಿಗೆ ಪೋಣಿಸಿದ ಬಿಡಿ ತುಂಡುಗಳಷ್ಟೇ ಉಳಿದವು. ಪ್ರತಿ ತಟ್ಟೆಯೂ ತನ್ನ ಚೌಕ ತೂತಿನ ಮೂಲೆಗಳಿಂದ ಆಕ್ಸಲನ್ನು ಕುಟ್ಟುತ್ತದೆ, ಸರಳು ಪ್ರತಿ ಸುತ್ತಿಗೂ ಒಂದು ಕಡೆಗೆ ಬಾಗಿ ಮತ್ತೊಂದು ಕಡೆಗೆ ಬಾಗುತ್ತದೆ. ತಂತಿಯನ್ನು ಕೈಯಲ್ಲಿ ಹಿಡಿದು ಹಿಂದೆ ಮುಂದೆ ಬಗ್ಗಿಸಿ ಮುರಿಯುವುದಿಲ್ಲವೇ, ಹಾಗೆ. 22 ಅಂಗುಲದ ತಟ್ಟೆ ಒಂದು ಸುತ್ತಿಗೆ ಸುಮಾರು ಒಂದು ಮುಕ್ಕಾಲು ಮೀಟರ್ ಉರುಳುತ್ತದೆ. ಗಂಟೆಗೆ ಆರು ಕಿಲೋಮೀಟರ್ ವೇಗದಲ್ಲಿ ಹೋದರೆ ಮೂರು ಸಾವಿರಕ್ಕೂ ಹೆಚ್ಚು ಸುತ್ತು. ಒಂದು ಗಂಟೆಗೆ ಮೂರು ಸಾವಿರ ಸಲ ಬಗ್ಗಿಸಿದರೆ ಎಂಥ ಉಕ್ಕಾದರೂ ಎಷ್ಟು ದಿನ ತಾಳೀತು? ಬಿರುಕು ಸಾಮಾನ್ಯವಾಗಿ ಥ್ರೆಡ್ಡಿನ ಬುಡದಲ್ಲಿ, ಇಲ್ಲವೇ ಬೇರಿಂಗಿನ ಪಕ್ಕದಲ್ಲಿ ಹುಟ್ಟುತ್ತದೆ. ಹೊರಗಿನಿಂದ ಕಾಣುವುದಿಲ್ಲ.

ಆದ್ದರಿಂದ ದುರಸ್ತಿ ಎಂದರೆ ಮೊದಲು ತಟ್ಟೆಯ ಅಂಚನ್ನು ನೋಡುವುದಲ್ಲ, ಬಿಗಿ ನೋಡುವುದು. ಅದಕ್ಕೆ ಯಾವ ಯಂತ್ರವೂ ಬೇಡ. ಹ್ಯಾರೋವನ್ನು ದಿಮ್ಮಿಗಳ ಮೇಲೆ ಕೂರಿಸಿ, ಎರಡು ತಟ್ಟೆಗಳ ನಡುವೆ ಹಾರೆಯ ತುದಿ ಇಟ್ಟು ಮೀಟಿ. ತಟ್ಟೆ ಸ್ಪೂಲಿನ ಮೇಲೆ ಕೂದಲೆಳೆಯಷ್ಟು ಅಲುಗಿದರೂ ಸಡಿಲವಾಗಿದೆ ಎಂದರ್ಥ. ಸ್ಪೂಲಿಗೂ ತಟ್ಟೆಗೂ ನಡುವೆ ಕೆಂಪು ತುಕ್ಕಿನ ಪುಡಿ ಉದುರುತ್ತಿದ್ದರೆ ಅದೂ ಅದೇ ಗುರುತು. ಅನುಭವವಿದ್ದವರು ಸುತ್ತಿಗೆಯಿಂದ ತಟ್ಟಿ ಸದ್ದಿನಲ್ಲೇ ಹೇಳುತ್ತಾರೆ. ಬಿಗಿ ಇದ್ದರೆ ಗಂಟೆಯಂತೆ ಕಣ್ ಎನ್ನುತ್ತದೆ, ಸಡಿಲವಿದ್ದರೆ ಒಡೆದ ಮಡಕೆಯ ಸದ್ದು.

ನಟ್ಟು ಬಿಗಿಯುವುದಕ್ಕೂ ಒಂದು ಕ್ರಮವಿದೆ. ಸಾಮಾನ್ಯ ಪಾನಾದ ಕೈಬಲ ಇದಕ್ಕೆ ಸಾಲದು. ನಟ್ಟಿಗೆ ಸರಿಯಾಗಿ ಕೂರುವ ಪಾನಾಕ್ಕೆ ನಾಲ್ಕೈದು ಅಡಿ ಉದ್ದದ ಪೈಪು ಸಿಕ್ಕಿಸಿ, ಗ್ಯಾಂಗ್ ತಿರುಗದಂತೆ ಮರದ ತುಂಡು ಕೊಟ್ಟು ಬಿಗಿಯಬೇಕು. ಬಿಗಿದ ಮೇಲೆ ಪ್ರತಿ ಸ್ಪೂಲಿನ ಮೇಲೂ ಮರದ ಕೊಡತಿಯಿಂದ ತಟ್ಟಿ. ಸ್ಪೂಲ್ ಬೀಡಿನದು, ಕಬ್ಬಿಣದ ಸುತ್ತಿಗೆಯ ಪೆಟ್ಟಿಗೆ ಒಡೆದೀತು. ಹೀಗೆ ತಟ್ಟಿದಾಗ ಒಳಗೆ ಸಿಕ್ಕಿದ್ದ ಮಣ್ಣು, ತುಕ್ಕು ಕುಸಿದು ಇನ್ನೊಂದು ಕಾಲು ಸುತ್ತು ಬಿಗಿಯಲು ಜಾಗ ಸಿಗುತ್ತದೆ. ಕೊನೆಗೆ ಸ್ಪ್ಲಿಟ್ ಪಿನ್ನು ಅಥವಾ ಲಾಕ್ ಪಟ್ಟಿ ಹಾಕಲೇಬೇಕು. ಪಿನ್ನಿನ ತೂತಿಗೆ ನಟ್ಟು ಕೂಡದಿದ್ದರೆ ಹಿಂದಕ್ಕೆ ಬಿಡಬೇಡಿ, ಮುಂದಕ್ಕೇ ಬಿಗಿದು ಕೂಡಿಸಿ. ಹೊಸದಾಗಿ ಜೋಡಿಸಿದ ಗ್ಯಾಂಗನ್ನು ಒಂದೆರಡು ಎಕರೆ ಹೊಡೆದ ಮೇಲೆ ಮತ್ತೊಮ್ಮೆ, ಒಂದು ದಿನದ ಕೆಲಸದ ಮೇಲೆ ಇನ್ನೊಮ್ಮೆ ಬಿಗಿಯಬೇಕು. ಬಹಳ ಮಂದಿ ಬಿಡುವುದು ಇದನ್ನೇ. ಹೊಸ ಸಾಮಾನು ಹಾಕಿದ್ದೇವಲ್ಲ ಎಂಬ ಧೈರ್ಯದಲ್ಲಿ ನೆಟ್ಟಗೆ ಹೊಲಕ್ಕಿಳಿಯುತ್ತಾರೆ, ವಾರದಲ್ಲಿ ಹೊಸ ತಟ್ಟೆಯ ತೂತೂ ಹಿಗ್ಗಿರುತ್ತದೆ.

ತಟ್ಟೆ: ಯಾವುದನ್ನು ಉಳಿಸಬೇಕು, ಯಾವುದನ್ನು ತೆಗೆಯಬೇಕು

ಗರಸು ಮಿಶ್ರಿತ ಕೆಂಪು ಭೂಮಿಯಲ್ಲಿ ತಟ್ಟೆ ಬೇಗ ಸವೆಯುತ್ತದೆ. ಎರೆಭೂಮಿಯಲ್ಲಿ ಅಷ್ಟು ಬೇಗ ಸವೆಯದಿದ್ದರೂ ಹಸಿ ಇದ್ದಾಗ ಮಣ್ಣು ಮೆತ್ತಿಕೊಂಡು ಎಳೆತ ಹೆಚ್ಚುತ್ತದೆ. ಸವೆದ ತಟ್ಟೆ ಕಿರಿದಾಗುತ್ತದೆ, ಜೊತೆಗೆ ಬಟ್ಟಲಿನ ಆಳವೂ ಕಡಿಮೆಯಾಗುತ್ತದೆ. ತಟ್ಟೆ ತನ್ನ ಅಡ್ಡಳತೆಯ ಸುಮಾರು ನಾಲ್ಕನೇ ಒಂದು ಭಾಗದಷ್ಟು ಆಳಕ್ಕೆ ಮಾತ್ರ ಚೆನ್ನಾಗಿ ಇಳಿಯುತ್ತದೆ ಎಂಬುದು ಅನುಭವದ ಲೆಕ್ಕ. 22 ಅಂಗುಲದ್ದು ಐದೂವರೆ ಅಂಗುಲ ಇಳಿದರೆ, ಸವೆದು 18 ಆದದ್ದು ನಾಲ್ಕೂವರೆಗೆ ನಿಲ್ಲುತ್ತದೆ. ಅಷ್ಟರಲ್ಲಿ ಸ್ಪೂಲು, ಬೇರಿಂಗ್ ಕಾಲುಗಳು ಮಣ್ಣಿಗೆ ತಾಗಿ ಉಜ್ಜುತ್ತವೆ. ಜೋಳದ ಕೂಳೆ ತುಂಡಾಗುವ ಬದಲು ಕೆಳಗೆ ಮಲಗಿ ಏಳುತ್ತದೆ. ಒಂದು ಸಲಕ್ಕೆ ಆಗುವ ಕೆಲಸಕ್ಕೆ ಎರಡು ಸಲ ಡೀಸೆಲ್ ಸುಡಬೇಕಾಗುತ್ತದೆ. ಹೊಸದಾಗಿದ್ದಾಗಿನ ಅಳತೆಯಿಂದ ಮೂರು ಅಂಗುಲ ಕಡಿಮೆಯಾದಾಗ ತಟ್ಟೆ ಬದಲಾಯಿಸುವ ಯೋಚನೆ ಮಾಡಬೇಕು, ನಾಲ್ಕು ಅಂಗುಲ ದಾಟಿದರೆ ಯೋಚನೆಯೂ ಬೇಡ, ಬದಲಾಯಿಸಿ.

ಒಂದೇ ಗ್ಯಾಂಗಿನಲ್ಲಿ ಎರಡು ಹೊಸದು, ಐದು ಹಳೆಯದು ಎಂದು ಬೆರೆಸುವುದು ನಮ್ಮ ಕಡೆ ವಾಡಿಕೆ. ಇದು ತಪ್ಪು. ಎಲ್ಲಾ ತಟ್ಟೆಗಳೂ ಒಂದೇ ಸರಳಿನ ಮೇಲೆ ಒಟ್ಟಿಗೆ ತಿರುಗುವುದರಿಂದ ದೊಡ್ಡ ತಟ್ಟೆಗಳ ಮೇಲೆ ಇಡೀ ಭಾರ ಬೀಳುತ್ತದೆ, ಚಿಕ್ಕವು ಮಣ್ಣನ್ನು ಸವರಿಕೊಂಡು ಹೋಗುತ್ತವೆ. ಹೊಸದು ಬೇಗ ಬಿರುಕು ಬಿಡುತ್ತದೆ, ಆಕ್ಸಲ್ ಅದೇ ಜಾಗದಲ್ಲಿ ಬಾಗುತ್ತದೆ. ಎಲ್ಲವನ್ನೂ ಒಟ್ಟಿಗೆ ಕೊಳ್ಳಲು ಕೈಯಲ್ಲಿ ದುಡ್ಡಿಲ್ಲದಿದ್ದರೆ ಒಂದು ಗ್ಯಾಂಗಿಗೆ ಮಾತ್ರ ಹೊಸದು ಕೊಳ್ಳಿ. ಗಟ್ಟಿ ನೆಲವನ್ನು ಮೊದಲು ಸೀಳುವುದು ಮುಂದಿನ ಗ್ಯಾಂಗು; ಹೊಸದನ್ನು ಅಲ್ಲಿಗೆ ಹಾಕಿ. ಬಿಚ್ಚಿದವುಗಳಲ್ಲಿ ಒಂದೇ ಅಳತೆಯ ಒಳ್ಳೆಯವನ್ನು ಆರಿಸಿ ಹಿಂದಿನ ಗ್ಯಾಂಗಿಗೆ ಹಾಕಿ, ಟಾಪ್ ಲಿಂಕ್ ಸರಿಪಡಿಸಿ ಹ್ಯಾರೋ ಮಟ್ಟಸವಾಗಿ ಕೂರುವಂತೆ ನೋಡಿಕೊಳ್ಳಿ.

ಅಂಚು ಮೊಂಡಾದ, ಆದರೆ ಅಳತೆ ಇರುವ ತಟ್ಟೆಯನ್ನು ಗ್ರೈಂಡರಿನಿಂದ ಹರಿತ ಮಾಡಬಹುದು. ಕಾರ್ಖಾನೆಯಲ್ಲಿ ಯಾವ ಕಡೆಯಿಂದ ಇಳಿಜಾರು ಕೊಟ್ಟಿದ್ದಾರೋ ಆ ಕಡೆಯಿಂದಲೇ ಸಾಣೆ ಹಿಡಿಯಬೇಕು. ಸಾಮಾನ್ಯವಾಗಿ ಅದು ಉಬ್ಬಿದ ಬೆನ್ನಿನ ಕಡೆ ಇರುತ್ತದೆ. ಒಂದೇ ಜಾಗದಲ್ಲಿ ಒತ್ತಿ ಹಿಡಿದರೆ ಅಂಚು ಕಾದು ನೀಲಿ ಬಣ್ಣಕ್ಕೆ ತಿರುಗುತ್ತದೆ. ನೀಲಿಯಾದ ಜಾಗದಲ್ಲಿ ಉಕ್ಕಿನ ಹದ ಹೋಗಿ ಮೆತ್ತಗಾಯಿತೆಂದು ತಿಳಿಯಿರಿ, ಹತ್ತು ಎಕರೆಯೊಳಗೆ ಅಲ್ಲಿ ಮಡಚಿಕೊಳ್ಳುತ್ತದೆ. ಗ್ಯಾಂಗನ್ನು ನಿಧಾನವಾಗಿ ತಿರುಗಿಸುತ್ತಾ ಸ್ವಲ್ಪಸ್ವಲ್ಪವೇ ಉಜ್ಜಿ, ಆಗಾಗ ಬಿಟ್ಟು ಆರಲು ಬಿಡಿ. ಕುಡುಗೋಲಿನ ಹರಿತ ಇದಕ್ಕೆ ಬೇಡ, ಕಲ್ಲಿನ ಭೂಮಿಯಲ್ಲಿ ತೆಳುವಾದ ಅಂಚು ಮುಕ್ಕಾಗುತ್ತದೆ. ಅಂಚು ಒಂದು ಮಿಲಿಮೀಟರ್ ದಪ್ಪ ಉಳಿದಿರಲಿ. ನನ್ನ ಅಭಿಪ್ರಾಯದಲ್ಲಿ ಮುಂಗಾರಿಗೆ ಮುಂಚೆ ಒಂದು ಸಲ ಹೀಗೆ ಮಾಡಿದರೆ ಸಾಕು. ಪದೇಪದೇ ಸಾಣೆ ಹಿಡಿಯುವವರು ಮಣ್ಣು ತಿನ್ನಬೇಕಾದ ಉಕ್ಕನ್ನು ತಾವೇ ತಿಂದು ಹಾಕುತ್ತಾರೆ.

ಬಿರುಕು ಬಿಟ್ಟ ತಟ್ಟೆಯ ವಿಷಯದಲ್ಲಿ ದಾಕ್ಷಿಣ್ಯ ಕೂಡದು. ಅಂಚಿನಲ್ಲಿ ಅರ್ಧ ಅಂಗುಲದೊಳಗಿನ ಸೀಳಾದರೆ ಅಷ್ಟನ್ನು ದುಂಡಗೆ ಉಜ್ಜಿ ತೆಗೆದು ಓಡಿಸಬಹುದು. ನಡುವಿನ ಚೌಕ ತೂತಿನ ಮೂಲೆಯಿಂದ ಹೊರಟ ಬಿರುಕಾದರೆ, ಅಥವಾ ತೂತು ಹಿಗ್ಗಿ ಆಕ್ಸಲಿನ ಮೇಲೆ ಆಡುತ್ತಿದ್ದರೆ ಅಂಥದ್ದನ್ನು ಬಿಸಾಡಲೇಬೇಕು. ವೆಲ್ಡಿಂಗ್ ಮಾಡಿಸಬೇಡಿ. ಈ ತಟ್ಟೆಗಳು ಹೆಚ್ಚು ಇಂಗಾಲದ ಅಥವಾ ಬೋರಾನ್ ಸೇರಿದ ಉಕ್ಕಿನವು, ಕಾಯಿಸಿ ಅದ್ದಿ ಹದಗೊಳಿಸಿದಂಥವು. ವೆಲ್ಡಿಂಗಿನ ಕಾವು ತಗುಲಿದ ಕಡೆ ಒಂದು ಪಟ್ಟಿ ಗಾಜಿನಂತೆ ಪೆಡಸಾಗುತ್ತದೆ, ಅದರ ಪಕ್ಕದ ಪಟ್ಟಿ ಮೆತ್ತಗಾಗುತ್ತದೆ. ಕಲ್ಲು ತಗುಲಿದಾಗ ತುಂಡು ಹಾರುವುದು ಅಲ್ಲಿಂದಲೇ. ಹೊಸದು ಕೊಳ್ಳುವಾಗ ಭಾರತೀಯ ಮಾನಕ ಐ.ಎಸ್. 4366ರ ಗುರುತಿರುವುದನ್ನು ಕೇಳಿ. ಅಡ್ಡಳತೆಯ ಜೊತೆಗೆ ದಪ್ಪ, ಬಟ್ಟಲಿನ ಆಳ, ಚೌಕ ತೂತಿನ ಅಳತೆ ಮೂರೂ ಹಳೆಯದಕ್ಕೆ ಹೊಂದಬೇಕು. ಹಳೆಯದೊಂದನ್ನು ಅಂಗಡಿಗೆ ಹೊತ್ತುಕೊಂಡೇ ಹೋಗುವುದು ಮೇಲು.

ಆಕ್ಸಲ್ ಮತ್ತು ಬೇರಿಂಗ್

ಗ್ಯಾಂಗ್ ಬಿಚ್ಚುವ ಮುನ್ನ ತುಂಡುಗಳ ಕ್ರಮ ಗುರುತು ಮಾಡಿಕೊಳ್ಳಿ. ಹಿಂದೆ ಸೀಮೆಸುಣ್ಣದಲ್ಲಿ ನಂಬರು ಬರೆಯುತ್ತಿದ್ದೆವು, ಈಗ ಎಲ್ಲರ ಕೈಯಲ್ಲೂ ಮೊಬೈಲ್ ಇರುವುದರಿಂದ ಒಂದು ಫೋಟೊ ತೆಗೆದರೂ ಆಯಿತು. ಸ್ಪೂಲಿನ ಒಂದು ತುದಿ ತಟ್ಟೆಯ ಉಬ್ಬಿಗೆ, ಇನ್ನೊಂದು ತುದಿ ತಗ್ಗಿಗೆ ಕೂರುವಂತೆ ಎರಕ ಹೊಯ್ದಿರುತ್ತಾರೆ. ತಿರುವುಮುರುವಾದರೆ ತಟ್ಟೆ ಅಂಚಿನ ಮೇಲಷ್ಟೇ ನಿಂತು ಅಲುಗುತ್ತದೆ. ಎಷ್ಟು ಬಿಗಿದರೂ ನಿಲ್ಲದೆ ನಡುವೆ ಸೀಳು ಬಿಡುತ್ತದೆ. ನಟ್ಟು ತುಕ್ಕು ಹಿಡಿದು ಬಾರದಿದ್ದರೆ ಹಿಂದಿನ ರಾತ್ರಿಯೇ ಡೀಸೆಲ್ ಅಥವಾ ಸೀಮೆಎಣ್ಣೆ ಬಿಟ್ಟು ನೆನೆಸಿ. ಗ್ಯಾಸಿನಿಂದ ಕಾಯಿಸುವುದಿದ್ದರೆ ಎಣ್ಣೆ, ಗ್ರೀಸ್ ಒರೆಸಿ ನಟ್ಟನ್ನು ಮಾತ್ರ ಕಾಯಿಸಬೇಕು. ಪಕ್ಕದಲ್ಲೇ ಹುಲ್ಲಿನ ಬಣವೆ ಇರುವ ಕಡೆ ಈ ಕೆಲಸ ಬೇಡವೇ ಬೇಡ.

ಬಿಚ್ಚಿದ ಆಕ್ಸಲನ್ನು ಸೀಮೆಎಣ್ಣೆಯಲ್ಲಿ ತೊಳೆದು ಒರೆಸಿ, ಥ್ರೆಡ್ಡಿನ ಬುಡಕ್ಕೆ ಮತ್ತು ಬೇರಿಂಗ್ ಕೂರುವ ಜಾಗಕ್ಕೆ ಸುಣ್ಣದ ನೀರು ಬಳಿದು ಆರಲು ಬಿಡಿ. ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರೆ ಬಿರುಕಿನೊಳಗೆ ಉಳಿದ ಎಣ್ಣೆ ಒಸರಿ ಸುಣ್ಣದ ಮೇಲೆ ಕಪ್ಪು ಗೆರೆ ಮೂಡುತ್ತದೆ. ಗೆರೆ ಕಂಡ ಆಕ್ಸಲನ್ನು ಮತ್ತೆ ಹಾಕಬಾರದು. ಚೌಕದ ಮೂಲೆಗಳು ದುಂಡಗಾಗಿದ್ದರೂ, ಸರಳು ಬಾಗಿದ್ದರೂ ಹೊಸದೇ ಸರಿ. ಬಾಗಿದ್ದನ್ನು ಕಾಯಿಸಿ ನೆಟ್ಟಗೆ ಮಾಡಿಕೊಡುತ್ತೇವೆ ಎನ್ನುವವರಿದ್ದಾರೆ. ನೆಟ್ಟಗೇನೋ ಆಗುತ್ತದೆ, ಆದರೆ ಮೊದಲಿನ ಹದ ಅದರಲ್ಲಿ ಉಳಿದಿರುವುದಿಲ್ಲ.

ಹೊಸ ಆಕ್ಸಲ್ ಸಿದ್ಧವಾಗಿ ಸಿಗದಿದ್ದರೆ ಲೇತಿನಲ್ಲಿ ಮಾಡಿಸಬಹುದು. ಸಾಮಾನ್ಯ ಮೆದು ಉಕ್ಕಿನ ಚೌಕ ಸರಳು ಅಗ್ಗವಾದರೂ ಅದು ಎಳೆದುಕೊಂಡು ಉದ್ದವಾಗುತ್ತದೆ, ನಟ್ಟು ಮತ್ತೆ ಸಡಿಲವಾಗುತ್ತದೆ. ಮಧ್ಯಮ ಇಂಗಾಲದ ಉಕ್ಕು ಬೇಕು, ಉಕ್ಕಿನ ಅಂಗಡಿಯಲ್ಲಿ ಇ.ಎನ್. 8 ಎಂದರೆ ತಿಳಿಯುತ್ತದೆ. ಥ್ರೆಡ್ಡು ಮುಗಿಯುವ ಕಡೆ ಚೂಪಾದ ಮೆಟ್ಟಿಲು ಬಿಡದೆ ಸ್ವಲ್ಪ ದುಂಡು ತಿರುವು ಕೊಡಿ ಎಂದು ಹೇಳಿ. ಬಿರುಕು ಹುಟ್ಟುವುದು ಆ ಮೂಲೆಯಲ್ಲೇ.

ಇಷ್ಟಾದರೂ ಹದ ಓಡುತ್ತಿದೆ, ಅಂಗಡಿ ದೂರ, ವೆಲ್ಡಿಂಗ್ ಬಿಟ್ಟು ದಾರಿಯಿಲ್ಲ ಎಂಬ ದಿನ ಬಂದೇ ಬರುತ್ತದೆ. ಆಗ ಹೀಗೆ ಮಾಡಿಸಿ. ಮುರಿದ ಎರಡು ಮುಖಗಳನ್ನೂ ಉಳಿಯ ಬಾಯಿಯಂತೆ ಎರಡು ಕಡೆಯಿಂದ ಇಳಿಜಾರಾಗಿ ಉಜ್ಜಿ, ಕಪ್ಪಾದ ಹಳೆಯ ಬಿರುಕೆಲ್ಲಾ ಹೋಗಬೇಕು. ಕೋನಪಟ್ಟಿಯ ತೊಟ್ಟಿಲಲ್ಲಿ ಎರಡೂ ತುಂಡುಗಳನ್ನು ನೆಟ್ಟಗೆ ಕೂರಿಸಿ. ಬೆಸೆಯುವ ಮೊದಲು ಗ್ಯಾಸಿನಿಂದ ಸುಮಾರು 200 ಡಿಗ್ರಿಯವರೆಗೆ ಕಾಯಿಸಿ. 7018 ನಂಬರಿನ ರಾಡ್ ಬಳಸಿ, ಆ ರಾಡ್ ತೇವವಿಲ್ಲದೆ ಒಣಗಿರಬೇಕು. ಬೆಸೆದ ಮೇಲೆ ನೀರು ಸುರಿಯುವುದಾಗಲಿ ಗಾಳಿಗೆ ಬಿಡುವುದಾಗಲಿ ಕೂಡದು. ಒಣ ಬೂದಿಯಲ್ಲೋ ಸುಣ್ಣದ ಪುಡಿಯಲ್ಲೋ ಹೂತು ರಾತ್ರಿಯೆಲ್ಲಾ ತಾನಾಗಿ ಆರಲು ಬಿಡಿ. ನನ್ನ ಆಕ್ಸಲ್ ಒಂದೂವರೆ ದಿನಕ್ಕೆ ಮುರಿದದ್ದು ಇವಾವುದನ್ನೂ ಮಾಡದೆ, ಕೆಂಪಗಿದ್ದಾಗಲೇ ಬಕೆಟ್ ನೀರಿಗೆ ಅದ್ದಿಸಿಕೊಂಡು ಬಂದದ್ದರಿಂದ. ಬೇಗ ಕೊಡಿ ಎಂದು ನಿಂತು ಅವಸರ ಮಾಡಿದವನು ನಾನೇ. ಸರಿಯಾಗಿ ಬೆಸೆದರೂ ಅದು ಆ ಬಿತ್ತನೆ ಮುಗಿಯುವವರೆಗಿನ ಏರ್ಪಾಡು ಮಾತ್ರ. ಥ್ರೆಡ್ಡಿನ ಬುಡದಲ್ಲಿ ಮುರಿದದ್ದನ್ನಂತೂ ಬೆಸೆದು ಪ್ರಯೋಜನವಿಲ್ಲ.

ಬೇರಿಂಗ್ ಹೇಗಿದೆ ಎಂದು ತಿಳಿಯಲು ಗ್ಯಾಂಗನ್ನು ಹಾರೆಯಿಂದ ಮೇಲಕ್ಕೆತ್ತಿ ನೋಡಿ. ಮೇಲೆ ಕೆಳಗೆ ಆಡುತ್ತಿದ್ದರೆ ಬೀಡಿನ ಬುಷ್ ಅಥವಾ ಬಾಲ್ ಬೇರಿಂಗ್ ಹೋಗಿದೆ. ಸವೆದ ಬೇರಿಂಗಿನ ಮೇಲೆ ಹೊಸ ಆಕ್ಸಲ್ ಹಾಕುವುದು ದುಡ್ಡು ದಂಡ. ನಿಪ್ಪಲ್ ಇರುವ ಬೇರಿಂಗಿಗೆ ಪ್ರತಿದಿನ ಕೆಲಸಕ್ಕೆ ಮುಂಚೆ, ಹಳೆಯ ಗ್ರೀಸ್ ಹೊರಕ್ಕೆ ಬರುವವರೆಗೆ ಹೊಸದು ತುಂಬಬೇಕು. ಆ ಹೊರಬಂದ ಗ್ರೀಸಿನಲ್ಲೇ ಮಣ್ಣೂ ಹೊರಗೆ ಬರುತ್ತದೆ. ಮಣ್ಣು ಕೆರೆಯುವ ಪಟ್ಟಿ, ಅಂದರೆ ಸ್ಕ್ರೇಪರ್, ತಟ್ಟೆಗೆ ತಾಗದೆ ನಾಲ್ಕೈದು ಮಿಲಿಮೀಟರ್ ದೂರದಲ್ಲಿರಲಿ.

ಕೈಕಾಲು ಜೋಪಾನ

ಹೈಡ್ರಾಲಿಕ್ ಮೇಲೆ ಎತ್ತಿ ನಿಲ್ಲಿಸಿದ ಹ್ಯಾರೋದ ಕೆಳಗೆ ಯಾರೂ ಕೈ ಹಾಕಬೇಡಿ, ತಲೆ ತೂರಿಸಬೇಡಿ. ಲಿವರಿಗೆ ಮಗುವೊಂದು ಕೈ ತಾಗಿಸಿದರೆ ಸಾಕು, ನಾಲ್ಕೈದು ಕ್ವಿಂಟಲ್ ಕಬ್ಬಿಣ ಕೆಳಗೆ ಬರುತ್ತದೆ. ಗಟ್ಟಿ ಮರದ ದಿಮ್ಮಿಗಳ ಮೇಲೆ ಇಳಿಸಿ, ಎಂಜಿನ್ ನಿಲ್ಲಿಸಿ, ಚಾವಿ ಜೇಬಿಗೆ ಹಾಕಿಕೊಂಡ ಮೇಲೆ ಕೆಲಸ ಶುರು ಮಾಡಿ. ಸಾಣೆ ಹಿಡಿಯುವಾಗ ಕನ್ನಡಕ, ತಟ್ಟೆ ಎತ್ತುವಾಗ ದಪ್ಪ ಗೋಣಿ ಅಥವಾ ಕೈಗವಸು ಇರಲಿ. ಇನ್ನೊಂದು: ಸವೆದ ತಟ್ಟೆ ನೆಲಕ್ಕೆ ಇಳಿಯುವುದಿಲ್ಲವೆಂದು ಭಾರಕ್ಕಾಗಿ ಆಳನ್ನೋ ಮಗನನ್ನೋ ಹ್ಯಾರೋ ಮೇಲೆ ಕೂರಿಸುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಒಂದು ಹೆಂಟೆ ಹತ್ತಿ ಇಳಿದರೆ ಜಾರಿ ಬೀಳುವುದು ತಟ್ಟೆಗಳ ನಡುವೆಯೇ. ಭಾರ ಬೇಕಾದರೆ ಮರಳಿನ ಚೀಲ ಕಟ್ಟಿ.

ಹಸುವಿನ ಹೊಟ್ಟೆಗೆ ಹೋಗುವ ಕಬ್ಬಿಣ

ಹಾಲು ಉತ್ಪಾದಕರು ಬೇರೆಯವರಿಗಿಂತ ಹೆಚ್ಚಾಗಿ ನೋಡಿಕೊಳ್ಳಬೇಕಾದ ವಿಷಯ ಇದು. ನಮ್ಮಲ್ಲಿ ದುರಸ್ತಿ ನಡೆಯುವುದು ಕೊಟ್ಟಿಗೆಯ ಮುಂದೆ, ಮೇವು ಕತ್ತರಿಸುವ ಜಾಗದಲ್ಲೇ. ಮುರಿದ ಸ್ಪ್ಲಿಟ್ ಪಿನ್ನು, ವೆಲ್ಡಿಂಗ್ ರಾಡಿನ ತುದಿ, ಬೈಂಡಿಂಗ್ ತಂತಿಯ ಚೂರು ಅಲ್ಲೇ ಉದುರುತ್ತವೆ. ಹಸು ಮೇವನ್ನು ಮೊದಲ ಸಲ ಸರಿಯಾಗಿ ಅಗಿಯದೆ ನುಂಗುವುದರಿಂದ ನಾಲಿಗೆಗೆ ಚೂರು ತಿಳಿಯುವುದಿಲ್ಲ. ನುಂಗಿದ ಕಬ್ಬಿಣ ಜೇನುಗೂಡಿನಂತಿರುವ ಎರಡನೇ ಹೊಟ್ಟೆಯಲ್ಲಿ ನಿಲ್ಲುತ್ತದೆ. ಆ ಹೊಟ್ಟೆ ಹಿಸುಕಿದಾಗ ಚೂಪಾದ ತುದಿ ಅದರ ಗೋಡೆಯನ್ನು ಚುಚ್ಚಿ, ವಪೆಯನ್ನು ದಾಟಿ ಹೃದಯದ ಚೀಲವನ್ನೇ ತಲುಪಬಹುದು. ತುಂಬು ಗಬ್ಬದ ಹಸುವಿನಲ್ಲಿ, ಈಯುವಾಗ ತಿಣುಕುವಾಗ ಈ ಅಪಾಯ ಹೆಚ್ಚು.

ಹಸು ಇದ್ದಕ್ಕಿದ್ದಂತೆ ಮೇವು ಬಿಟ್ಟು, ಮೆಲುಕು ನಿಲ್ಲಿಸಿ, ಹಾಲು ಇಳಿಸಿ, ಬೆನ್ನು ಕಮಾನು ಮಾಡಿ, ಮುಂಗಾಲಿನ ಮೊಣಕೈಗಳನ್ನು ಹೊರಕ್ಕೆ ಚಾಚಿ ನಿಂತರೆ ಅನುಮಾನ ಪಡಿ. ಇಳಿಜಾರಿನಲ್ಲಿ ಇಳಿಯಲು ಹಿಂಜರಿಯುತ್ತದೆ, ಮಲಗುವಾಗ ನರಳುತ್ತದೆ. ಮುಂದುವರಿದ ಮೇಲೆ ಗಂಗೆದೊಗಲಿನಲ್ಲಿ, ಎದೆಯ ಮುಂಭಾಗದಲ್ಲಿ ನೀರು ತುಂಬಿದ ಊತ ಕಾಣುತ್ತದೆ. ಆ ಹಂತಕ್ಕೆ ಬಂದ ಹಸು ಉಳಿಯುವುದು ಕಷ್ಟ. ಅಜೀರ್ಣವಿರಬೇಕೆಂದು ಮನೆ ಮದ್ದು ಕುಡಿಸುತ್ತಾ ದಿನ ಕಳೆಯದೆ ಪಶುವೈದ್ಯರನ್ನು ಕರೆಸಿ, ಮನೆಯ ಹತ್ತಿರ ಕಬ್ಬಿಣದ ಕೆಲಸ ನಡೆದಿತ್ತು ಎಂಬುದನ್ನು ತಪ್ಪದೆ ಹೇಳಿ. ಅವರಿಗೆ ಅದು ದೊಡ್ಡ ಸುಳಿವು.

ಆದುದರಿಂದ ದುರಸ್ತಿಯನ್ನು ಕೊಟ್ಟಿಗೆ ಮತ್ತು ತಿಪ್ಪೆಯಿಂದ ದೂರ, ಕೆಳಗೆ ತಗಡು ಅಥವಾ ಟಾರ್ಪಾಲು ಹಾಸಿ ಮಾಡಿ. ಮುಗಿದ ಮೇಲೆ ಹಳೆಯ ಸ್ಪೀಕರಿನ ಅಯಸ್ಕಾಂತವೊಂದನ್ನು ದಾರಕ್ಕೆ ಕಟ್ಟಿ ನೆಲದ ಮೇಲೆ ಎಳೆದಾಡಿಸಿ, ಕಣ್ಣಿಗೆ ಬೀಳದ ಚೂರುಗಳೆಲ್ಲಾ ಹತ್ತಿಕೊಳ್ಳುತ್ತವೆ. ತೆಗೆದ ಹಳೆಯ ಗ್ರೀಸನ್ನು ಡಬ್ಬಿಗೆ ಹಾಕಿ ಮುಚ್ಚಿಡಿ. ಕರುಗಳಿಗೆ ಅದನ್ನು ನೆಕ್ಕುವ ಚಟವಿದೆ.

ಬಾಡಿಗೆಗೆ ಕರೆಯುವವರಿಗೆ

ನಮ್ಮ ಸದಸ್ಯರಲ್ಲಿ ಟ್ರಾಕ್ಟರ್ ಇರುವವರಿಗಿಂತ ಗಂಟೆ ಲೆಕ್ಕದಲ್ಲಿ ಕರೆಯುವವರೇ ಹೆಚ್ಚು. ರೋಟವೇಟರ್ ಬಂದ ಮೇಲೆ ಡಿಸ್ಕ್ ಹ್ಯಾರೋ ಬಳಕೆ ಕಡಿಮೆಯಾಗಿದ್ದರೂ ಜೋಳದ ಕೂಳೆ ಕತ್ತರಿಸಲು, ಹಳೆಯ ನೇಪಿಯರ್ ಗಡ್ಡೆಗಳನ್ನು ಸೀಳಲು, ಹರಡಿದ ಕೊಟ್ಟಿಗೆ ಗೊಬ್ಬರ ಬೆರೆಸಲು ಇಂದೂ ಇದೇ ಮೇಲು. ಗಂಟೆ ಲೆಕ್ಕದಲ್ಲಿ ಹಣ ಕೊಡುವವರು ಹ್ಯಾರೋ ಹೊಲಕ್ಕಿಳಿಯುವ ಮೊದಲು ಒಂದು ಸುತ್ತು ಬಂದು ನೋಡುವ ಹಕ್ಕುಳ್ಳವರು. ತಟ್ಟೆಗಳು ಒಂದೇ ಅಳತೆ ಇವೆಯೇ, ಕೈಯಿಂದ ಅಲುಗಿಸಿದರೆ ಗಲಗಲ ಎನ್ನುತ್ತವೆಯೇ, ತೀರಾ ಸವೆದು ಕಿರಿದಾಗಿವೆಯೇ ಎಂದು ನೋಡಿ. ಹಾಗೆ ಸವೆದ ತಟ್ಟೆಯಾದರೆ ಗಂಟೆಯ ಬದಲು ಎಕರೆ ಲೆಕ್ಕಕ್ಕೆ ಮಾತನಾಡಿ. ಒಂದಕ್ಕೆ ಎರಡು ಸಲ ಓಡಿಸುವ ಖರ್ಚು ಯಾರದ್ದೆಂದು ಆಗ ತಾನಾಗಿ ತೀರ್ಮಾನವಾಗುತ್ತದೆ. ಯಂತ್ರದವರು ಸಿಡುಕಿದರೂ ಪರವಾಗಿಲ್ಲ.

ಹಂಗಾಮು ಮುಗಿದ ಮೇಲೆ ತಟ್ಟೆಗಳ ಮಣ್ಣು ತೊಳೆದು, ಒಣಗಿಸಿ, ಹಳೆಯ ಎಂಜಿನ್ ಆಯಿಲ್ ಬಳಿದು ಹಲಗೆಯ ಮೇಲೆ ನಿಲ್ಲಿಸಿ. ಎಣ್ಣೆ ಬಳಿದ ಹ್ಯಾರೋ ದನಗಳ ಬಾಯಿಗೆ ಎಟುಕದಂತಿರಲಿ. ಬಿಸಾಡಬೇಕೆಂದು ತೆಗೆದಿಟ್ಟ ತಟ್ಟೆಗಳನ್ನು ಗುಜರಿಗೆ ತೂಕಕ್ಕೆ ಹಾಕುವ ಮೊದಲು ಊರ ಕಮ್ಮಾರರಿಗೆ ತೋರಿಸಿ, ಈ ಉಕ್ಕಿನಲ್ಲಿ ಒಳ್ಳೆಯ ಕುಡುಗೋಲು ಆಗುತ್ತದೆ. ನನ್ನ ಹೊಲದಲ್ಲಿ ಅಂದು ಉರುಳಿ ಬಿದ್ದ ಮೂರು ತಟ್ಟೆಗಳಲ್ಲಿ ಒಂದರಿಂದ ಮಾಡಿಸಿದ ಎರಡು ಕುಡುಗೋಲುಗಳಲ್ಲಿ ಒಂದು ಈಗಲೂ ನಮ್ಮ ಮನೆಯಲ್ಲಿ ಮೇವು ಕೊಯ್ಯುತ್ತಿದೆ. ಇನ್ನೊಂದನ್ನು ಆ ಡ್ರೈವರ್ ಹುಡುಗನಿಗೆ ಕೊಟ್ಟೆ. ಅವನೂ ಈಗ ಎರಡು ಹಸು ಕಟ್ಟಿ ನಮ್ಮ ಸಂಘಕ್ಕೇ ಹಾಲು ಹಾಕುತ್ತಾನೆ.